ಬೆಳ್ಳಗೆ ಉಳಿದ ಯೀಸ್ಟ್: ಪುಣೆಯ ಲ್ಯಾಬೊಂದರ ಪ್ರಕರಣ

ಇದು ನಡೆದದ್ದು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಯೀಸ್ಟ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಲಹಾ ಸಮಿತಿಯಲ್ಲಿ ನಾನಿದ್ದೆ. ಆಕೆ, ಆಕೆಯ ಗೈಡ್ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಸಂಸ್ಥೆ ಯಾವುದು, ಆಕೆ ಕೆಲಸ ಮಾಡಿದ ಜೀನ್ ಯಾವುದು ಎಂಬುದನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಪ್ರಯೋಗಗಳ ಕ್ರಮ ಮಾತ್ರ ನಡೆದ ಹಾಗೆಯೇ ಇದೆ.

ಧಾರವಾಡ, ಕಲಬುರಗಿ, ವಿಜಯಪುರ ಕಡೆಯಿಂದ ಪುಣೆಯ ಲ್ಯಾಬುಗಳಿಗೆ ಪ್ರತಿ ವರ್ಷ ಮಕ್ಕಳು ಬರುತ್ತಾರೆ. ಅವರ ಕೈಗೆ ಸಿಗುವ ಪುಸ್ತಕಗಳಲ್ಲಿ ಗೆದ್ದ ಪ್ರಯೋಗಗಳೇ ಇರುತ್ತವೆ. ಕೈಕೊಟ್ಟ ಪ್ರಯೋಗ ಎಲ್ಲಿ, ಯಾಕೆ ಕೈಕೊಟ್ಟಿತು ಅಂತ ಯಾರೂ ಕೂತು ಹೇಳುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ, ಆದಷ್ಟು ಬಿಡಿಸಿ ಹೇಳುತ್ತೇನೆ.

ಹಿನ್ನೆಲೆ

ವಿದ್ಯಾರ್ಥಿನಿ ಹಾವೇರಿ ಕಡೆಯವರು. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಫೆಲೋಶಿಪ್ ಪಡೆದು ಪುಣೆಗೆ ಬಂದವರು. ಲ್ಯಾಬಿನಲ್ಲಿ ಕೆಲಸ ನಡೆಯುತ್ತಿದ್ದದ್ದು ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟ್ ಮೇಲೆ, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ. ಈ ಜೀವಿಯನ್ನು ಕಂಡರೆ ಜೀವವಿಜ್ಞಾನಿಗಳಿಗೆ ಯಾಕೆ ಅಷ್ಟು ಪ್ರೀತಿ ಅಂತ ಕೇಳಿದರೆ ಉತ್ತರ ಸುಲಭ. ಒಂದೇ ಜೀವಕೋಶದ ಜೀವಿ, ಆದರೆ ನಮ್ಮ ಕೋಶದ ಹಾಗೆಯೇ ನ್ಯೂಕ್ಲಿಯಸ್ ಇದೆ, ಉಸಿರಾಟ ನಡೆಸುವ ಮೈಟೊಕಾಂಡ್ರಿಯ ಇದೆ. 30 ಡಿಗ್ರಿಯಲ್ಲಿ ಒಳ್ಳೆಯ ಆಹಾರ ಕೊಟ್ಟರೆ ಸುಮಾರು 90 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನ್ಯೂಕ್ಲಿಯಸ್ ಇರುವ ಜೀವಿಗಳ ಪೈಕಿ ಮೊದಲು ಪೂರ್ತಿ ಓದಿದ ಜೀನೋಮ್ ಇದರದೇ, 1996ರಲ್ಲಿ. 16 ಕ್ರೋಮೋಸೋಮು, ಸುಮಾರು 6,000 ಜೀನು. ಬೇಕಾದ ಜೀನನ್ನು ಕಿತ್ತು ಹಾಕಿ ಏನಾಗುತ್ತದೆ ನೋಡುವುದು ಇದರಲ್ಲಿ ಇರುವಷ್ಟು ಸಲೀಸು ಬೇರೆ ಕಡೆ ಕಡಿಮೆ. ಹೆಪಟೈಟಿಸ್ ಬಿ ಲಸಿಕೆಯ ಪ್ರೋಟೀನು ಹೆಚ್ಚಾಗಿ ತಯಾರಾಗುವುದೂ ಯೀಸ್ಟ್‌ನಲ್ಲೇ.

ಆಕೆಗೆ ಸಿಕ್ಕಿದ್ದು ಕೆಲಸ ಏನೆಂದು ಗೊತ್ತಿಲ್ಲದ ಒಂದು ಜೀನ್. ಅದನ್ನು ಹೋಲುವ ಜೀನ್ ಮನುಷ್ಯರಲ್ಲೂ ಇದೆ. ಅದರ ಪ್ರೋಟೀನು ಮೈಟೊಕಾಂಡ್ರಿಯಕ್ಕೆ ಹೋಗಬಹುದು ಅಂತ ಕಂಪ್ಯೂಟರ್ ಊಹೆ ಹೇಳುತ್ತಿತ್ತು. ಹಾಗಾಗಿ ಮೊದಲ ಹೆಜ್ಜೆ ಸ್ಪಷ್ಟವಾಗಿತ್ತು. ಜೀನನ್ನು ತೆಗೆಯಬೇಕು, ಕೋಶ ಉಸಿರಾಡುತ್ತದೋ ಇಲ್ಲವೋ ನೋಡಬೇಕು.

ಇಲ್ಲಿ ಯೀಸ್ಟಿನ ಒಂದು ಗುಣ ತಿಳಿದಿರಬೇಕು. ಗ್ಲೂಕೋಸ್ ಜಾಸ್ತಿ ಇದ್ದರೆ ಅದು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಹುಳಿಸಿ ಆಲ್ಕೋಹಾಲ್ ಮಾಡಿಕೊಂಡೇ ಬದುಕುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಅಂತಾರೆ. ಹೀಗಾಗಿ ಮೈಟೊಕಾಂಡ್ರಿಯದ ಉಸಿರಾಟ ಪೂರ್ತಿ ಕೆಟ್ಟಿದ್ದರೂ ಗ್ಲೂಕೋಸ್ ಮೇಲೆ ಯೀಸ್ಟ್ ಸಾಯುವುದಿಲ್ಲ. ಕಾಲೊನಿ, ಅಂದರೆ ಒಂದು ಕೋಶದಿಂದ ಪ್ಲೇಟಿನ ಮೇಲೆ ಬೆಳೆದ ಗುಂಪು, ಸಣ್ಣದಾಗುತ್ತದೆ, ಅಷ್ಟೇ. ಆದರೆ ಗ್ಲಿಸರಾಲ್ ಕೊಟ್ಟರೆ ಆಟ ನಡೆಯುವುದಿಲ್ಲ. ಅದನ್ನು ಹುಳಿಸಲು ಆಗದು, ಉಸಿರಾಟದಿಂದಲೇ ಬಳಸಬೇಕು. ಗ್ಲೂಕೋಸ್ ಪ್ಲೇಟಿನಲ್ಲಿ ಬೆಳೆದು ಗ್ಲಿಸರಾಲ್ ಪ್ಲೇಟಿನಲ್ಲಿ ಬೆಳೆಯದ ಕೋಶ ಉಸಿರಾಟ ಕಳೆದುಕೊಂಡಿದೆ ಅಂತ ಅರ್ಥ.

ಮೊದಲ ಫಲಿತಾಂಶ

ಲ್ಯಾಬಿನ ತಳಿ ಡಬ್ಲ್ಯು303. ಯೀಸ್ಟ್ ಮೇಲೆ ಕೆಲಸ ಮಾಡುವವರಿಗೆಲ್ಲ ಪರಿಚಯದ ತಳಿ. ಜೀನಿನ ಜಾಗಕ್ಕೆ ಜಿ-418 ಎಂಬ ಔಷಧಿಯನ್ನು ತಡೆದುಕೊಳ್ಳುವ ತುಣುಕು ಕೂರಿಸುವುದು ರೂಢಿಯ ವಿಧಾನ. ಕೋಶಗಳನ್ನು ಲಿಥಿಯಂ ಅಸಿಟೇಟಿನಲ್ಲಿಟ್ಟು, ಡಿಎನ್ಎ ತುಣುಕು ಸೇರಿಸಿ, 42 ಡಿಗ್ರಿ ಬಿಸಿಗೆ ಒಡ್ಡುತ್ತಾರೆ. ಆಮೇಲೆ ಜಿ-418 ಇರುವ ಪ್ಲೇಟಿನಲ್ಲಿ ಬದುಕಿ ಬಂದ ಕಾಲೊನಿಗಳಲ್ಲಿ ತುಣುಕು ಸರಿಯಾದ ಜಾಗದಲ್ಲಿ ಕೂತಿದೆಯೇ ಅಂತ ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆ ಮಾಡಿ ನೋಡುತ್ತಾರೆ.

ಆಕೆಗೆ ಸರಿಯಾದ ಕಾಲೊನಿಗಳು ಕೆಲವು ಸಿಕ್ಕವು. ಅವುಗಳಲ್ಲಿ ಒಂದನ್ನು ಶುದ್ಧ ಮಾಡಿ ಫ್ರೀಜರಿಗೆ ಹಾಕಿದರು. ಉಳಿದವನ್ನು ಎಸೆದರು. ಪಿಸಿಆರ್ ಎಲ್ಲದರಲ್ಲೂ ಒಂದೇ ಉತ್ತರ ಕೊಟ್ಟಿದೆಯಲ್ಲ, ಎಲ್ಲ ಒಂದೇ ಅಲ್ವಾ ಎಂಬುದು ಆಗಿನ ಯೋಚನೆ. ಇದು ಈ ಪ್ರಕರಣದ ಮೊದಲ ತಿರುವು. ಆಗ ಯಾರಿಗೂ ಅದು ತಿರುವು ಅಂತ ಕಾಣಲಿಲ್ಲ. ಬಹುಪಾಲು ಲ್ಯಾಬುಗಳಲ್ಲಿ ಹೀಗೇ ನಡೆಯುತ್ತದೆ.

ಆ ತಳಿ ಗ್ಲೂಕೋಸ್ ಮೇಲೆ ಸಣ್ಣ ಕಾಲೊನಿ ಮಾಡಿತು. ಗ್ಲಿಸರಾಲ್ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಊಹೆ ಏನಿತ್ತೋ ಅದೇ ಕಣ್ಣಿಗೆ ಕಂಡಿತು. ಗೈಡ್ ಖುಷಿಪಟ್ಟರು. ಸಮ್ಮೇಳನಕ್ಕೆ ಪೋಸ್ಟರ್ ಸಾರಾಂಶ ಹೋಯಿತು. ಹೊಸ ಜೀನ್, ಉಸಿರಾಟಕ್ಕೆ ಬೇಕೇ ಬೇಕು, ಮನುಷ್ಯರಲ್ಲೂ ಇದೆ. ಮೂರನೇ ವರ್ಷದ ವಿದ್ಯಾರ್ಥಿಗೆ ಇದಕ್ಕಿಂತ ಇನ್ನೇನು ಬೇಕು!

ಸಿಕ್ಕು

ಜೀನ್ ತೆಗೆದಾಗ ತೊಂದರೆ ಬಂದರೆ, ಅದನ್ನು ಮರಳಿ ಕೊಟ್ಟಾಗ ತೊಂದರೆ ಹೋಗಬೇಕು. ಆಕೆ ಜೀನನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್ಎ ಬಳೆಯಲ್ಲಿ ಕೂರಿಸಿ ತಳಿಗೆ ಸೇರಿಸಿದರು. ಗ್ಲಿಸರಾಲ್ ಪ್ಲೇಟ್ ಖಾಲಿ ಉಳಿಯಿತು.

ಇಲ್ಲಿಂದ ಒಂದು ವರ್ಷಕ್ಕೂ ಮೀರಿದ ಒದ್ದಾಟ ಶುರು. ಪ್ರೋಟೀನಿಗೆ ಗುರುತಿಗಾಗಿ ಅಂಟಿಸಿದ್ದ ಟ್ಯಾಗ್ ಅಡ್ಡ ಬರುತ್ತಿರಬಹುದು ಅಂತ ಟ್ಯಾಗ್ ತೆಗೆದರು. ಪ್ರೊಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್ಎ ಭಾಗ, ಜೋರಾಯಿತೇನೋ ಅಂತ ಜೀನಿನ ಸ್ವಂತ ಪ್ರೊಮೋಟರ್ ಹಾಕಿದರು. ಪ್ಲಾಸ್ಮಿಡ್ ಬೇಡ ಅಂತ ಕ್ರೋಮೋಸೋಮಿನಲ್ಲೇ ಜೀನನ್ನು ಕೂರಿಸಿದರು. ಪ್ರೋಟೀನು ತಯಾರಾಗುತ್ತಿತ್ತು, ಪ್ರೋಟೀನು ಗುರುತಿಸುವ ಬ್ಲಾಟ್ ಪರೀಕ್ಷೆಯಲ್ಲಿ ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಕೋಶ ಮಾತ್ರ ಉಸಿರಾಡಲಿಲ್ಲ. ಪ್ರತಿ ಸಲವೂ ಒಂದು ವಿವರಣೆ ಸಿಗುತ್ತಿತ್ತು, ಪ್ರತಿ ವಿವರಣೆಯೂ ಕೇಳಲು ಸರಿಯಾಗೇ ಇರುತ್ತಿತ್ತು.

ಇದರ ನಡುವೆ ಒಂದು ಗಟ್ಟಿ ಸುಳಿವು ಬಂತು. ಯೀಸ್ಟಿನ ಒಂದೊಂದೇ ಜೀನನ್ನು ತೆಗೆದು ಮಾಡಿಟ್ಟ ಸುಮಾರು 5,000 ತಳಿಗಳ ಸಂಗ್ರಹ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿದೆ. ಮುಂಬೈಯ ಒಂದು ಲ್ಯಾಬಿನವರು ಅದರಿಂದ ಇದೇ ಜೀನ್ ಇಲ್ಲದ ತಳಿಯನ್ನು ಕೊಟ್ಟರು. ಅದು ಗ್ಲಿಸರಾಲ್ ಮೇಲೆ ಆರಾಮಾಗಿ ಬೆಳೆಯಿತು! ಆ ಸಂಗ್ರಹ ಬೇರೆ ಮೂಲತಳಿಯದು, ಡಬ್ಲ್ಯು303 ಅಲ್ಲ. ಲ್ಯಾಬ್ ಮೀಟಿಂಗಿನಲ್ಲಿ ಹಾಗೇ ತೀರ್ಮಾನವಾಯಿತು: ತಳಿಯ ವ್ಯತ್ಯಾಸ. ಒಂದೇ ಜೀನು ಎರಡು ತಳಿಯಲ್ಲಿ ಬೇರೆ ಬೇರೆಯಾಗಿ ವರ್ತಿಸುವುದು ಉಂಟು, ಸುಳ್ಳಲ್ಲ. ಆದರೆ ಈ ಉತ್ತರಕ್ಕೆ ಒಂದು ದೋಷವಿದೆ. ಅದು ಎಲ್ಲದಕ್ಕೂ ಹೊಂದುತ್ತದೆ. ತಮ್ಮ ಊಹೆಗೆ ಎದುರಾದ ಅತಿ ದೊಡ್ಡ ಸಾಕ್ಷಿಯನ್ನು ಪರೀಕ್ಷೆ ಮಾಡದೆ ಬದಿಗಿಟ್ಟ ಕ್ಷಣ ಅದು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ದುಬಾರಿಯಾದ ನಿರ್ಧಾರವೂ ಅದೇ.

ಸಲಹಾ ಸಮಿತಿಯಲ್ಲಿ ಬ್ಯಾಕ್‌ಕ್ರಾಸ್ ಮಾತು ಬಂದಿತ್ತು. ತಳಿಯನ್ನು ಮೂಲತಳಿಯ ಜೊತೆ ಕೂಡಿಸಿ ಮಕ್ಕಳನ್ನು ನೋಡಿ ಎಂಬ ಸಲಹೆ. ಪೇಪರ್ ಬರೆಯುವ ಹೊತ್ತಿಗೆ ಮಾಡೋಣ ಅಂತ ಅದು ಮುಂದಕ್ಕೆ ಹೋಯಿತು. ಅದಕ್ಕೆ ಬೇಕಾದ ಟೆಟ್ರಾಡ್ (ಒಂದೇ ಚೀಲದಲ್ಲಿ ಬರುವ ನಾಲ್ಕು ಬೀಜಕಣ) ಬಿಡಿಸುವ ಕೆಲಸ ಆ ಲ್ಯಾಬಿನಲ್ಲಿ ಯಾರ ಕೈಗೂ ಹತ್ತಿರಲಿಲ್ಲ. ಗೊತ್ತಿರುವ ಹತ್ತು ಪಿಸಿಆರ್ ಮಾಡುವುದು ಗೊತ್ತಿಲ್ಲದ ಒಂದು ಕೈಕೆಲಸ ಕಲಿಯುವುದಕ್ಕಿಂತ ಹಗುರ ಅನ್ನಿಸುತ್ತದೆ.

ಅಡೆನಿನ್ ಮುಗಿದ ಮಾರ್ಚ್

ಡಬ್ಲ್ಯು303 ತಳಿಗೆ ಒಂದು ವಿಶೇಷ ಇದೆ. ಅದರ ಎಡಿಇ-2 ಎಂಬ ಜೀನ್ ಕೆಟ್ಟಿದೆ. ಡಿಎನ್ಎಯ ಒಂದು ಘಟಕವಾದ ಅಡೆನಿನ್ ತಯಾರಿಸುವ ದಾರಿ ನಡುವೆ ಕಡಿದುಹೋಗಿ, ಅರ್ಧಕ್ಕೆ ನಿಂತ ಒಂದು ವಸ್ತು ಕೋಶದೊಳಗೆ ಕೂಡಿಕೊಳ್ಳುತ್ತದೆ. ಅದು ಬದಲಾಗಿ ಕೆಂಪು ಬಣ್ಣ ಬರುತ್ತದೆ. ಕಾಲೊನಿಗಳು ಮೊದಲು ಗುಲಾಬಿ, ದಿನ ಕಳೆದಂತೆ ಕೆಂಪು. ಕೆಂಪಾದ ಕೋಶ ನಿಧಾನಕ್ಕೆ ಬೆಳೆಯುತ್ತದೆ. ಅದಕ್ಕೇ ಎಷ್ಟೋ ಲ್ಯಾಬುಗಳಲ್ಲಿ ಮೀಡಿಯಕ್ಕೆ, ಅಂದರೆ ಯೀಸ್ಟ್ ಬೆಳೆಸುವ ಆಹಾರಕ್ಕೆ, ಅಡೆನಿನ್ ಮೇಲಿಂದ ಸೇರಿಸುತ್ತಾರೆ. ಹೊರಗಿಂದ ಸಿಕ್ಕಾಗ ಕೋಶ ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ, ಬಣ್ಣ ಬರುವುದಿಲ್ಲ. ಈ ಲ್ಯಾಬಿನಲ್ಲೂ ಅದೇ ಪದ್ಧತಿ. ಹಾಗಾಗಿ ಆಕೆ ತನ್ನ ತಳಿಗಳನ್ನು ಯಾವಾಗಲೂ ಬೆಳ್ಳಗೇ ನೋಡಿದ್ದರು.

ಆರ್ಥಿಕ ವರ್ಷದ ಕೊನೆ. ಅಡೆನಿನ್ ಬಾಟಲಿ ಮುಗಿದಿತ್ತು, ಖರೀದಿ ಫೈಲು ಏಪ್ರಿಲ್ ತನಕ ಅಲ್ಲಾಡುವ ಹಾಗಿರಲಿಲ್ಲ. ಮೀಡಿಯಾ ರೂಮು ನೋಡಿಕೊಳ್ಳುತ್ತಿದ್ದವರು ಅಕ್ಕಲಕೋಟೆ ಕಡೆಯ ಹಿರಿಯರು, ಮನೆಮಾತು ಕನ್ನಡ. ಎಲ್ಲರಿಗೂ ಅವರು ಕಾಕಾ. ಅಡೆನಿನ್ ಮೇಲಿಂದ ಸೇರಿಸದೆಯೇ ಪ್ಲೇಟ್ ಹಾಕಿ ಕೊಟ್ಟರು. ಒಂದು ವಾರ ಕಳೆದ ಮೇಲೆ ಹಳೆ ಪ್ಲೇಟುಗಳನ್ನು ಎಸೆಯಲು ಎತ್ತಿಕೊಂಡವರು ಆಕೆಯನ್ನು ಕರೆದರು. “ತಂಗಿ, ಎಲ್ಲಾ ಪ್ಲೇಟ್ ಕೆಂಪಾಗ್ಯಾವ. ನಿಂದೊಂದ ಯಾಕ ಬೆಳ್ಳಗ ಉಳದೈತಿ?”

ಆಕೆ ನೋಡಿದರು. ಮೂಲತಳಿ ಕೆಂಪು. ಜೀನ್ ತೆಗೆದ ತಳಿ ಬೆಳ್ಳಗೆ. ಜೀನ್ ಮರಳಿ ಕೊಟ್ಟವೂ ಬೆಳ್ಳಗೆ.

ಇಲ್ಲಿ ತುಸು ನಿಲ್ಲಬೇಕು. ಈ ಕೆಂಪು ಬಣ್ಣ ಬರಲು ಕೋಶ ಉಸಿರಾಡುತ್ತಿರಬೇಕು. ಉಸಿರಾಡದ ಕೋಶ ಎಡಿಇ-2 ಕೆಟ್ಟಿದ್ದರೂ ಬೆಳ್ಳಗೆ ಉಳಿಯುತ್ತದೆ. ಅಂದರೆ ಬಿಳಿ ಬಣ್ಣ ಹೊಸದೇನನ್ನೂ ಸಾಬೀತು ಮಾಡಲಿಲ್ಲ. ತಳಿ ಉಸಿರಾಡುವುದಿಲ್ಲ ಅಂತ ಗ್ಲಿಸರಾಲ್ ಪ್ಲೇಟಿನಲ್ಲೇ ಗೊತ್ತಾಗಿತ್ತು. ಆಕೆಯ ಕಣ್ಣು ನಿಂತದ್ದು ಬೇರೆ ಕಡೆ. ಮೂಲತಳಿಯ ಪ್ಲೇಟಿನಲ್ಲಿ, ಕೆಂಪು ಕಾಲೊನಿಗಳ ಮಧ್ಯೆ, ಅಲ್ಲೊಂದು ಇಲ್ಲೊಂದು ಸಣ್ಣ ಬಿಳಿ ಕಾಲೊನಿ ಇದ್ದವು. ನೋಡಲು ಥೇಟ್ ಆಕೆಯ ತಳಿಯ ಹಾಗೇ. ಅವುಗಳಲ್ಲಿ ಜೀನ್ ಇದೆ, ಯಾರೂ ತೆಗೆದಿಲ್ಲ!

ಆ ಸಂಜೆ ನನಗೆ ಫೋನ್ ಬಂತು. “ಮೇಡಂ, ನನ್ನ ತಳಿನೂ ಇಂಥದ್ದೇ ಒಂದು ಕಾಲೊನಿಯಿಂದ ಬಂದಿದ್ರೆ?” ಅಂತ ಕೇಳಿದರು. ಅಷ್ಟು ದಿನದಲ್ಲಿ ಆ ಲ್ಯಾಬಿನಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಅದು.

ಎರಡು ಆನುವಂಶಿಕತೆ

ಪ್ಯಾರಿಸ್‌ನಲ್ಲಿ ಬೋರಿಸ್ ಎಫ್ರುಸ್ಸಿ ಮತ್ತು ಸಂಗಡಿಗರು 1949ರಲ್ಲೇ ಇಂಥ ಸಣ್ಣ ಕಾಲೊನಿಗಳನ್ನು ವಿವರಿಸಿದ್ದರು. ಅವುಗಳಿಗೆ ಪೆಟೀಟ್ ಎಂಬ ಹೆಸರು ಬಂತು. ಅಕ್ರಿಫ್ಲೇವಿನ್ ಎಂಬ ಬಣ್ಣದ ರಾಸಾಯನಿಕ ಹಾಕಿದರೆ ಇಡೀ ಯೀಸ್ಟ್ ಹಿಂಡೇ ಪೆಟೀಟ್ ಆಗುತ್ತಿತ್ತು. ವಿಚಿತ್ರ ಅಂದರೆ, ಅವನ್ನು ಸಾಮಾನ್ಯ ಯೀಸ್ಟ್ ಜೊತೆ ಕೂಡಿಸಿದಾಗ ಈ ಗುಣ ಮೆಂಡೆಲ್ ನಿಯಮದಂತೆ ಹಂಚಿಕೆ ಆಗುತ್ತಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಮೈಟೊಕಾಂಡ್ರಿಯದೊಳಗೆ ಅದರದೇ ಡಿಎನ್ಎ ಇದೆ. ಯೀಸ್ಟಿನಲ್ಲಿ ಅದು ಸುಮಾರು 86,000 ಬೇಸ್ ಜೋಡಿಗಳಷ್ಟು ಉದ್ದ, ಮನುಷ್ಯರಲ್ಲಿ 16,569. ಉಸಿರಾಟದ ಯಂತ್ರದ ಕೆಲವು ಮುಖ್ಯ ಭಾಗಗಳ ನಕ್ಷೆ ಅಲ್ಲೇ ಇರುವುದು. ಆ ಡಿಎನ್ಎ ಹಾಳಾದರೆ ಅಥವಾ ಪೂರ್ತಿ ಕಳೆದುಹೋದರೆ ಕೋಶ ಪೆಟೀಟ್ ಆಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ಪೂರ್ತಿ ಕಳೆದುಕೊಂಡವನ್ನು ರೋ-ಜೀರೋ ಅಂತಾರೆ.

ಲ್ಯಾಬ್ ತಳಿಗಳಲ್ಲಿ ಇದು ತಾನಾಗಿಯೇ ಆಗುತ್ತಿರುತ್ತದೆ. ನೂರರಲ್ಲಿ ಒಂದು ಕೋಶ ಪೆಟೀಟ್ ಆಗಿದ್ದರೆ ಆಶ್ಚರ್ಯವಿಲ್ಲ, ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ಬಿಸಿ ತಗುಲಿದರೆ ಹೆಚ್ಚಾಗುತ್ತದೆ. ಜೀನ್ ಸೇರಿಸುವಾಗ 42 ಡಿಗ್ರಿಗೆ ಒಡ್ಡುತ್ತೇವಲ್ಲ, ನೆನಪಿಡಿ.

ಇದು ಬರೀ ಲ್ಯಾಬಿನ ತಲೆನೋವಲ್ಲ. ಬೇಕರಿ ಯೀಸ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಕಾಕಂಬಿಯನ್ನು ಸ್ವಲ್ಪಸ್ವಲ್ಪವೇ ಉಣಿಸಿ, ಜೋರಾಗಿ ಗಾಳಿ ಊದಿ, ಯೀಸ್ಟ್ ಉಸಿರಾಡಿಯೇ ಬೆಳೆಯುವಂತೆ ನೋಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಅಷ್ಟೇ ಸಕ್ಕರೆಯಿಂದ ಜಾಸ್ತಿ ಯೀಸ್ಟ್ ಸಿಗುತ್ತದೆ. ಪೆಟೀಟ್ ಅಲ್ಲಿ ಕೆಲಸಕ್ಕೆ ಬಾರದು. ಬಿಯರ್ ತಯಾರಿಸುವವರೂ ಒಂದೇ ಯೀಸ್ಟನ್ನು ಮತ್ತೆ ಮತ್ತೆ ಬಳಸುವಾಗ ಅದರಲ್ಲಿ ಪೆಟೀಟ್ ಎಷ್ಟಿದೆ ಅಂತ ಟೆಟ್ರಜೋಲಿಯಂ ಹಾಕಿ ನೋಡುತ್ತಾರೆ. ಉಸಿರಾಡುವ ಕಾಲೊನಿ ಕೆಂಪಾಗುತ್ತದೆ, ಪೆಟೀಟ್ ಬಿಳಿ.

ಪರೀಕ್ಷೆ

ಮೊದಲು ಡ್ಯಾಪಿ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಡಿಎನ್ಎ ಇರುವಲ್ಲಿ ನೀಲಿ ಹೊಳಪು. ಮೂಲತಳಿಯಲ್ಲಿ ನ್ಯೂಕ್ಲಿಯಸ್ಸಿನ ದೊಡ್ಡ ಹೊಳಪು, ಸುತ್ತ ಮೈಟೊಕಾಂಡ್ರಿಯದ ಸಣ್ಣ ಚುಕ್ಕೆಗಳು. ಆಕೆಯ ತಳಿಯಲ್ಲಿ ನ್ಯೂಕ್ಲಿಯಸ್ ಒಂದೇ. ಚುಕ್ಕೆಗಳಿಲ್ಲ. ರೋ-ಜೀರೋ.

ಜೀನ್ ಮರಳಿ ಕೊಟ್ಟರೂ ಯಾಕೆ ಸರಿಹೋಗಲಿಲ್ಲ ಅಂತ ಈಗ ಅರ್ಥವಾಯಿತು. ಬೀಜವೇ ಇಲ್ಲದ ಹೊಲಕ್ಕೆ ಎಷ್ಟು ನೀರು ಬಿಟ್ಟರೂ ಅಷ್ಟೇ.

ಆದರೆ ಇದರಿಂದಲೂ ತೀರ್ಮಾನ ಆಗುವುದಿಲ್ಲ. ಲ್ಯಾಬ್ ಮತ್ತೆ ಎಡವಬಹುದಾಗಿದ್ದದ್ದು ಇಲ್ಲೇ. ಗೈಡ್ ಕೂಡಲೇ ಹೇಳಿದರಂತೆ, ಹಾಗಾದರೆ ಈ ಜೀನ್ ಮೈಟೊಕಾಂಡ್ರಿಯದ ಡಿಎನ್ಎ ಉಳಿಸಿಕೊಳ್ಳಲು ಬೇಕಿರಬಹುದು, ಅದು ಇನ್ನೂ ಚೆನ್ನಾಗಿರುವ ಕಥೆ ಅಂತ. ತಪ್ಪು ಮಾತಲ್ಲ. ಅಂಥ ಜೀನುಗಳು ಯೀಸ್ಟಿನಲ್ಲಿ ಬೇಕಾದಷ್ಟಿವೆ. ಅವನ್ನು ತೆಗೆದರೆ ಮೈಟೊಕಾಂಡ್ರಿಯದ ಡಿಎನ್ಎ ಕಳೆದುಹೋಗುತ್ತದೆ. ಆಮೇಲೆ ಜೀನ್ ಮರಳಿ ಕೊಟ್ಟರೂ ಕಳೆದದ್ದು ಬರುವುದಿಲ್ಲ. ಕಂಡಿದ್ದೆಲ್ಲವೂ ಎರಡು ಕಥೆಗೂ ಹೊಂದುತ್ತಿತ್ತು: ಜೀನ್ ಹೋಗಿದ್ದಕ್ಕೆ ಡಿಎನ್ಎ ಹೋಯಿತು, ಅಥವಾ ಎರಡೂ ಕಾಕತಾಳೀಯವಾಗಿ ಒಂದೇ ಕೋಶದಲ್ಲಿ ಸೇರಿದವು.

ಎರಡನ್ನೂ ಬೇರೆ ಮಾಡುವ ನೇರ ದಾರಿ ಬ್ಯಾಕ್‌ಕ್ರಾಸ್ ಆಗಿತ್ತು. ಈ ಸಲ ಆಕೆ ಬಿಡಲಿಲ್ಲ. ಟೆಟ್ರಾಡ್ ಬಿಡಿಸುವ ಸೂಕ್ಷ್ಮದರ್ಶಕ ಇದ್ದ ಇನ್ನೊಂದು ಲ್ಯಾಬಿಗೆ ಹೋಗಿ ಕೂತು ಕಲಿತರು. ಪೋಸ್ಟರ್ ಕೆಲಸ ಕಾಯಲಿ ಅಂದರು.

ವಿಧಾನ ಹೀಗೆ. ರೋ-ಜೀರೋ ತಳಿಯನ್ನು ಎದುರು ಲಿಂಗದ ಆರೋಗ್ಯವಂತ ಮೂಲತಳಿಯೊಂದಿಗೆ ಕೂಡಿಸುತ್ತಾರೆ. ಹುಟ್ಟುವ ಕೋಶಕ್ಕೆ ಆರೋಗ್ಯವಂತ ಕಡೆಯಿಂದ ಮೈಟೊಕಾಂಡ್ರಿಯದ ಡಿಎನ್ಎ ಸಿಗುತ್ತದೆ, ಉಸಿರಾಟ ಮರಳುತ್ತದೆ. ಆ ಕೋಶವನ್ನು ಪೊಟ್ಯಾಸಿಯಂ ಅಸಿಟೇಟಿನಲ್ಲಿ ಉಪವಾಸ ಕೆಡವಿದರೆ ಒಂದು ಚೀಲದೊಳಗೆ ನಾಲ್ಕು ಬೀಜಕಣ ಮಾಡುತ್ತದೆ. ಗಾಜಿನ ಸೂಜಿಯಿಂದ ನಾಲ್ಕನ್ನೂ ಬೇರೆ ಮಾಡಿ ಸಾಲಾಗಿ ಇಡಬೇಕು. ನ್ಯೂಕ್ಲಿಯಸ್ಸಿನ ಜೀನ್ ಆದ್ದರಿಂದ ಎರಡು ಬೀಜಕಣಕ್ಕೆ ಜೀನ್ ಇರುತ್ತದೆ, ಎರಡಕ್ಕೆ ಇರುವುದಿಲ್ಲ. ಮೈಟೊಕಾಂಡ್ರಿಯದ ಡಿಎನ್ಎ ಮಾತ್ರ ನಾಲ್ಕಕ್ಕೂ ಹೋಗುತ್ತದೆ. ಜೀನ್ ನಿಜವಾಗಿಯೂ ಬೇಕಿದ್ದರೆ ಜೀನ್ ಇಲ್ಲದ ಎರಡು ಮತ್ತೆ ಪೆಟೀಟ್ ಆಗಬೇಕು. ಬೇಡದಿದ್ದರೆ ನಾಲ್ಕೂ ಉಸಿರಾಡಬೇಕು.

ಬಿಡಿಸಿದ ಪ್ರತಿ ಚೀಲದಲ್ಲೂ ನಾಲ್ಕಕ್ಕೆ ನಾಲ್ಕು ಗ್ಲಿಸರಾಲ್ ಮೇಲೆ ಬೆಳೆದವು. ಜಿ-418 ತಡೆದುಕೊಂಡವು ಎರಡೆರಡು, ಲೆಕ್ಕ ಸರಿ. ಜೀನ್ ಇಲ್ಲದವೂ ಅಡೆನಿನ್ ಸೇರಿಸದ ಪ್ಲೇಟಿನಲ್ಲಿ ಚೆಂದವಾಗಿ ಕೆಂಪಾದವು.

ಜೀನಿಗೂ ಉಸಿರಾಟಕ್ಕೂ ಸಂಬಂಧ ಇರಲಿಲ್ಲ. ಮುಂಬೈಯಿಂದ ಬಂದ ತಳಿ ಮೊದಲೇ ಹೇಳಿದ್ದು ನಿಜವಾಗಿತ್ತು.

ಆಮೇಲೆ

ಗೈಡ್ ಒಂದು ದಿನ ಸುಮ್ನೆ ಇದ್ದರು. ಮರುದಿನ ಸಮ್ಮೇಳನದವರಿಗೆ ಪತ್ರ ಬರೆದು ಸಾರಾಂಶ ಹಿಂದಕ್ಕೆ ತೆಗೆದುಕೊಂಡರು. ಈ ತಳಿಯನ್ನು ಬೇರೆಯವರಿಗೂ ಕಳಿಸಿದ್ದರು. ಅವರಿಗೆಲ್ಲ ಆಕೆಯೇ ಮೇಲ್ ಮಾಡಿ ಇದು ರೋ-ಜೀರೋ, ಬಳಸಬೇಡಿ ಅಂತ ತಿಳಿಸಿದರು. ಕಾರಣ ಬಿಡಿಸಿ ಬರೆದರು, ಪ್ಲೇಟುಗಳ ಫೋಟೊ ಇಟ್ಟರು. ಗೈಡ್‌ಗೂ ವಿದ್ಯಾರ್ಥಿನಿಗೂ ನನ್ನ ಗೌರವ ಹೆಚ್ಚಿದ್ದು ಆ ವಾರದಲ್ಲಿ. ಇಲ್ಲಿ ಮುಚ್ಚಿಡುವುದು ಬಹಳ ಸುಲಭವಿತ್ತು. ಪೇಪರ್ ಇನ್ನೂ ಹೋಗಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ.

ಆಕೆಯ ಪ್ರಬಂಧದ ವಿಷಯ ಬದಲಾಯಿತು. ಶುದ್ಧ ಮಾಡಿದ ಹೊಸ ತಳಿ ಈಗ ಕೈಯಲ್ಲಿತ್ತು, ಅದರ ಮೇಲೆ ಬೇರೆ ಒತ್ತಡಗಳ ಪರೀಕ್ಷೆ ಶುರು ಮಾಡಿದರು. ಹಳೆಯ ಪ್ರಯೋಗಗಳನ್ನು ಬಿಟ್ಟುಬಿಡದೆ ಒಂದು ಅಧ್ಯಾಯವಾಗಿ ಇಟ್ಟರು. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದು ಆ ಅಧ್ಯಾಯದ ಮೇಲೆಯೇ. ಆಕೆ ಉತ್ತರಿಸಿದ ರೀತಿ ನೋಡಿ ಹೊರಗಿನ ಪರೀಕ್ಷಕರು ತಮ್ಮ ವಿದ್ಯಾರ್ಥಿಗಳಿಗೆ ಓದಿಸಲು ಅದರ ಪ್ರತಿ ಕೇಳಿದರು.

ಲ್ಯಾಬಿನ ರೂಢಿಗಳೂ ಬದಲಾದವು. ಈಗ ಜೀನ್ ತೆಗೆದಾಗ ಬೇರೆ ಬೇರೆಯಾಗಿ ಹುಟ್ಟಿದ ಕನಿಷ್ಠ ಮೂರು ಕಾಲೊನಿ ಇಟ್ಟುಕೊಳ್ಳುತ್ತಾರೆ, ಮೂರರಲ್ಲೂ ಒಂದೇ ಗುಣ ಕಂಡರೆ ಮಾತ್ರ ಮುಂದೆ. ಒಂದನ್ನೇ ಇಟ್ಟುಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತು. ಎಸೆದವುಗಳಲ್ಲಿ ಒಂದಾದರೂ ಗ್ಲಿಸರಾಲ್ ಮೇಲೆ ಬೆಳೆದಿದ್ದರೆ ಮೊದಲ ವಾರದಲ್ಲೇ ಅನುಮಾನ ಹುಟ್ಟುತ್ತಿತ್ತು. ಫ್ರೀಜರಿನಿಂದ ತೆಗೆದ ಯಾವುದೇ ತಳಿ ಮೊದಲು ಗ್ಲಿಸರಾಲ್ ಪ್ಲೇಟಿಗೆ ಹೋಗುತ್ತದೆ. ಖರ್ಚು ಒಂದು ಪ್ಲೇಟಿನದು. ಡಬ್ಲ್ಯು303 ಬಳಸುವವರು ಅಡೆನಿನ್ ಸೇರಿಸದ ಒಂದು ಪ್ಲೇಟನ್ನೂ ಜೊತೆಗಿಡುತ್ತಾರೆ. ಅಡೆನಿನ್ ಸೇರಿಸುವುದಕ್ಕೆ ಒಳ್ಳೆಯ ಕಾರಣವೇ ಇತ್ತು, ಅದನ್ನು ಬಿಡಬೇಕಿಲ್ಲ. ಆದರೆ ತಳಿ ತಾನಾಗಿ ತೋರಿಸುತ್ತಿದ್ದ ಒಂದು ಗುರುತನ್ನು ಅದು ಮುಚ್ಚುತ್ತಿತ್ತು ಅಂತ ಈಗ ಎಲ್ಲರಿಗೂ ಗೊತ್ತು. ಬ್ಯಾಕ್‌ಕ್ರಾಸ್ ಆಗದ ತಳಿಯ ಫಲಿತಾಂಶ ಲ್ಯಾಬ್ ಮೀಟಿಂಗಿನಲ್ಲಿ ತೋರಿಸಬಹುದು, ಹೊರಗೆ ಕಳಿಸುವಂತಿಲ್ಲ. ಟೆಟ್ರಾಡ್ ಬಿಡಿಸುವುದನ್ನು ಹೊಸಬರಿಗೆ ಆಕೆಯೇ ಕಲಿಸಿದರು. ಕಾಕಾ ಹಳೆ ಪ್ಲೇಟುಗಳನ್ನು ಎಸೆಯುವ ಮೊದಲು ಬಣ್ಣ ಬೇರೆ ಕಂಡದ್ದನ್ನು ಪಕ್ಕಕ್ಕೆ ಇಡುತ್ತಾರೆ, ಮಾಲೀಕರು ಬಂದು ನೋಡಬೇಕು.

ಎಲ್ಲರ ತಲೆ ತಿಂದ ಆ ತಳಿ ಈಗಲೂ ಫ್ರೀಜರಿನಲ್ಲಿದೆ. ಲೇಬಲ್ ಮಾತ್ರ ಬೇರೆ: ರೋ-ಜೀರೋ. ಯಾರಿಗಾದರೂ ಉಸಿರಾಡದ ಹೊಸ ತಳಿ ಸಿಕ್ಕರೆ ಇದರ ಜೊತೆ ಕೂಡಿಸುತ್ತಾರೆ. ಇದರ ಬಳಿ ಮೈಟೊಕಾಂಡ್ರಿಯದ ಡಿಎನ್ಎ ಇಲ್ಲ, ಉಸಿರಾಟಕ್ಕೆ ಬೇಕಾದ ನ್ಯೂಕ್ಲಿಯಸ್ಸಿನ ಜೀನುಗಳು ಚೆನ್ನಾಗಿವೆ. ಹುಟ್ಟಿದ ಕೋಶ ಉಸಿರಾಡಿದರೆ ಹೊಸ ತಳಿಯ ಮೈಟೊಕಾಂಡ್ರಿಯದ ಡಿಎನ್ಎ ಸರಿಯಿದೆ, ತೊಂದರೆ ನ್ಯೂಕ್ಲಿಯಸ್ಸಿನ ಜೀನಿನಲ್ಲಿದೆ ಅಂತ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಪುಣೆಯ ಇನ್ನೆರಡು ಲ್ಯಾಬಿನವರೂ ಇದನ್ನು ಇದೇ ಕೆಲಸಕ್ಕೆ ಒಯ್ದಿದ್ದಾರೆ.